ಉಪ್ಪಿಗೊಂದು ಒಡಪು

ಬೆಳ್ಳುಳ್ಳಿ ಹಾಕಿ ಕೆಂಪು ಖಾರ ಕುಟ್ಟುವ ಘಾಟು ಮೂಗಿಗೆ ಬಡಿದರೆ ಸಾಕು, ರಂಗಂಪೇಟೆಯ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ನಿಮ್ಮದೂ ಅಂಥದೊಂದು ಹೋಗಿದ್ದರೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಆಗ ನಿಜಾಮರ ಆಳ್ವಿಕೆ ಮುಗಿದು, ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದ ಹೊಸತು. ನಾವು ಮಕ್ಕಳು ಕಂಡಕಂಡದ್ದಕ್ಕೆಲ್ಲ ಹೊಸ ಹೆಸರು ಬಾಯಿಪಾಠ ಮಾಡುತ್ತಿದ್ದರೆ, ನಾವು ಆಯಿ ಎನ್ನುತ್ತಿದ್ದ ನನ್ನ ಅಜ್ಜಿ, ಲಕ್ವಾ ಹೊಡೆದ ಮೇಲೆ, ಇದ್ದ ಹೆಸರುಗಳನ್ನೂ ಕಳೆದುಕೊಂಡಿದ್ದಳು. ಮಾತು ನಿಂತಿರಲಿಲ್ಲ. ಮುಂಗೋಪಿ ಮುದುಕಿ, ಬೈಗುಳ ಒಂದನ್ನೂ ಮರೆತಿರಲಿಲ್ಲ! ಆದರೆ ಚೆಂಬು ನೋಡಿ “ಅದ... ನೀರ ಕುಡಿಯೂದು...” ಎಂದು ತಡವರಿಸುವಳು. ಹೆಸರು ನಾಲಿಗೆಯ ತುದಿಗೆ ಬಂದು ಜಾರಿಬಿಡುತ್ತಿತ್ತು. ನಾವು ಒಂದರ ಬದಲು ಇನ್ನೊಂದು ತಂದುಕೊಟ್ಟು, ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಮನೆಯ ಯಜಮಾನಿ ಹಾಗೆ ಮೂಲೆ ಸೇರಿದಳು.

ಕಾಕಾನ ಮದುವೆಯಾಗಿ ಹೊಸ ಸೊಸೆ ಮನೆತುಂಬುವ ದಿನ, ಹೆಂಗಸರು ಗಂಡನ ಹೆಸರು ಹೇಳೆಂದು ಅವಳನ್ನು ಹೊಸ್ತಿಲಲ್ಲಿ ತಡೆದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹೇಳುವುದಾದರೆ ಪ್ರಾಸ ಕಟ್ಟಿ ಒಡಪಿನಲ್ಲೇ ಹೇಳಬೇಕು. ಹುಡುಗಿ ನಾಚಿ ಕಲಿತ ಒಡಪೆಲ್ಲ ಮರೆತಳು. ಆಗ ಮೂಲೆಯಿಂದ ಆಯಿಯ ದನಿ ಬಂತು: “ಒಳಕಲ್ಲಾಗ ಖಾರ, ಗಡಗ್ಯಾಗ ಮಸರ, ನನ್ನ ಬಾಯಾಗ ಸಿದ್ರಾಮಪ್ಪನವರ ಹೆಸರ!” ಖಾರ, ಗಡಿಗೆ, ಮೊಸರು, ಒಂದೂ ತಪ್ಪಲಿಲ್ಲ. ಪಡಸಾಲೆ ಹೋ ಎಂದಿತು. ಸಿದ್ರಾಮಪ್ಪ ಎಂದರೆ ನಮ್ಮ ಮುತ್ಯಾ, ಆಯಿಯ ಗಂಡ. ಅಂದಿನಿಂದ ಅವಳಿಗೆ ದಾರಿ ಸಿಕ್ಕಿತು. ಏನು ಬೇಕಿದ್ದರೂ ಒಡಪು ಎತ್ತುವಳು. ಪ್ರಾಸದ ಬೆನ್ನು ಹತ್ತಿ ಸಾಮಾನಿನ ಹೆಸರು ಬರುವುದು, ಅದರ ಹಿಂದೆಯೇ ಮುತ್ಯಾನದೂ. “ಮದುವ್ಯಾದಾಗಿಂದ ಕರೀಲಾರದಾಕಿ, ಈಗ ಉಪ್ಪಿಗೊಮ್ಮಿ ಬೆಲ್ಲಕ್ಕೊಮ್ಮಿ ನನ್ನ ಹೆಸರು ಕರಿಯಾಕತ್ಯಾಳ ನೋಡ್ರಿ,” ಎಂದು ಮುತ್ಯಾ ಬಂದವರೆದುರು ಗೊಣಗುತ್ತಿದ್ದ. ಒಳಗೊಳಗೇ ಹಿಗ್ಗುತ್ತಿದ್ದ.

ಆ ಮುತ್ಯಾ ತೀರಿಕೊಂಡ ದಿನ ಆಯಿ ಅವನ ತಲೆದೆಸೆಗೆ ಕೂತು, ಗೋಡೆಯ ಗೂಡಿನತ್ತ ಕೈ ಚಾಚಿ “ಅದ... ಅದ...” ಎಂದಳು. ಯಾರಿಗೂ ತಿಳಿಯಲಿಲ್ಲ. ಅವಳು ಒಡಪು ಎತ್ತುವಷ್ಟರಲ್ಲಿ ಪಕ್ಕದ ಮನೆಯಾಕೆ ಕೈ ಹಿಡಿದಳು. “ಇನ್ಮ್ಯಾಲ ಒಡಪ ಹೇಳಬಾರದು ಯವ್ವಾ, ಗಂಡ ಹ್ವಾದ ಮ್ಯಾಲ ಛಲೋ ಅಲ್ಲ.” ಆಯಿ ಕೊಸರಿಕೊಂಡು, ಓಣಿಗೆಲ್ಲ ಕೇಳುವಂತೆ ಹೇಳಿದಳು: “ಬುಟ್ಟ್ಯಾಗ ಬಿಲ್ಪತ್ರಿ, ಗೂಡಿನ್ಯಾಗ ಈಬತ್ತಿ, ಸಿದ್ರಾಮಪ್ಪನವರ ಹೆಂಡ್ತಿ ನಾ ಇನ್ನಾ ಗಟ್ಟಿ!”

ವಿಭೂತಿ! ಅವ್ವ ಅಳುತ್ತಲೇ ಓಡಿಹೋಗಿ ತಂದುಕೊಟ್ಟಳು. ಆಯಿ ಅದನ್ನು ಮುತ್ಯಾನ ಹಣೆಗೆ ತಾನೇ ಹಚ್ಚಿದಳು. ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಆಯಿಯ ಬಾಯಿಗೆ ಯಾರೂ ಅಡ್ಡ ಬರಲಿಲ್ಲ. ಅವಳು ಇರುವತನಕ ಆ ಮನೆಯಲ್ಲಿ ದಿನಾಲೂ ಮುತ್ಯಾನ ಹೆಸರು ಕೇಳುತ್ತಿತ್ತು.