ಕಾಶೀಬಾಯಿ ಟೀಚರ್ ಕುಡಿದ ನೀರು

ಸೂಜಿ ಚುಚ್ಚುವ ಮೊದಲು ಕಾಶೀಬಾಯಿ ಟೀಚರ್ ಡಯಾಲಿಸಿಸ್ ಮಷೀನಿನ ಮೇಲೆ ಬಲಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಎರಡು ದಪ್ಪ ಸೂಜಿಗಳ ತಟ್ಟೆ ಹಿಡಿದು ನಾನು ಅವರ ಎಡಗೈ ಪಕ್ಕ ಕಾಯುತ್ತಾ ನಿಲ್ಲಬೇಕಿತ್ತು. ಮನಸ್ಸಿನಲ್ಲೇ ಬೇಡಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಇಡೀ ಕೋಣೆಗೆ ಕೇಳುವಂತೆ ಹೇಳುತ್ತಿದ್ದರು: "ಬನಶಂಕರಿ ತಾಯಿ, ಇವತ್ತ ಕರೆಂಟ್ ಹೋಗಬಾರದು. ಮಷೀನಿನ ನೀರಿನ ಟ್ಯಾಂಕರ್ ಟಾಯಮಿಗೆ ಬರಬೇಕು. ರಫೀಕ್ ಭಾಯಿದು ಬಿ.ಪಿ. ಇಳೀಬಾರದು. ಈ ತಮ್ಮನ ಕೈ ನಡಗಬಾರದು."

ರಫೀಕ್ ಭಾಯ್ ಪಕ್ಕದ ಹಾಸಿಗೆಯವರು, ತಮ್ಮ ಎಂದರೆ ನಾನು. ಸಯನ್‌ನ ಆ ಡಯಾಲಿಸಿಸ್ ಸೆಂಟರಿನಲ್ಲಿ ಟೆಕ್ನಿಷಿಯನ್. ದೇವರ ವಿಷಯದಲ್ಲಿ ಅಂಥ ನಂಬಿಕೆಯವನಲ್ಲ. ಆದರೂ ಅಷ್ಟು ಕೇಳಿದ ಮೇಲೆ ಕೈ ನಡುಗಿಸುವ ಧೈರ್ಯ ನನಗೆ ಬರುತ್ತಿರಲಿಲ್ಲ.

ವಿಜಯಪುರದ ಕಡೆಯಿಂದ ಬಂದು, ಮುನಿಸಿಪಲ್ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಡಾಲದಲ್ಲಿ ಒಡಹುಟ್ಟಿದ ತಮ್ಮನ ಮನೆಯಲ್ಲಿದ್ದರು. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ತಾಸು ನಮ್ಮಲ್ಲಿ. ನನ್ನ ಮನೆಯಲ್ಲಿ ತುಳು, ಹೊರಗೆಲ್ಲ ಹಿಂದಿ. ನನ್ನ ಕನ್ನಡ ಕೇಳಿದರೆ ಅವರಿಗೆ ನಗು. ಒಮ್ಮೆ "ಟ್ಯಾಂಕರ್ ಬಂದಿದ್ದಾರೆ" ಅಂದೆ. "ಟ್ಯಾಂಕರಿಗೆ ಅಷ್ಟ ಮರ್ಯಾದಿ ಬ್ಯಾಡೋ ತಮ್ಮಾ, ಬಂದದ ಅನ್ನು ಸಾಕು" ಅಂದರು. ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದೇ ಅವರ ದೆಸೆಯಿಂದ.

ಅವರ ಪ್ರಾರ್ಥನೆಯನ್ನು ನಮ್ಮ ಡಾಕ್ಟರಮ್ಮ ತಡೆದವರಲ್ಲ. "ಪ್ರಾರ್ಥನಾ ಕರಾ ಬಾಯಿ, ಪಣ ಪಾಣಿ ಮೋಜೂನ್ ಪ್ಯಾ" ಎನ್ನುತ್ತಿದ್ದರು. ಬೇಡಿಕೊಳ್ಳಿ, ಆದರೆ ನೀರು ಅಳೆದು ಕುಡಿಯಿರಿ. ಕಿಡ್ನಿ ಕೆಟ್ಟವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ. ಮೈಯಲ್ಲಿ ನಿಂತು ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಟೀಚರ್ ಆ ಅಳತೆ ಮೀರಿದವರಲ್ಲ. ದೇವಸ್ಥಾನದ ತೀರ್ಥವನ್ನೂ ಬೆರಳ ತುದಿಯಿಂದ ಕಣ್ಣಿಗೆ ಒತ್ತಿಕೊಂಡು ಬಿಡುತ್ತಿದ್ದರಂತೆ.

ಹೋದ ವರ್ಷ ಬೇಸಿಗೆಯಲ್ಲಿ ಅವರು ಒಂದು ಶುಕ್ರವಾರ ಬರಲಿಲ್ಲ. ಸೋಮವಾರವೂ ಇಲ್ಲ. ಫೋನ್ ಮಾಡಿದರೆ ಮನೆಯವರು, ಊರಿಗೆ ಹೋಗಿದ್ದಾರೆ ಎಂದರು. ಮಂಗಳವಾರ ಬೆಳಿಗ್ಗೆ ಟ್ಯಾಕ್ಸಿಯಿಂದ ಅವರನ್ನು ಹೊತ್ತು ಇಳಿಸಬೇಕಾಯಿತು. ಮುಖ ಬಾತಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಇರಬೇಕಾದ ತೂಕಕ್ಕಿಂತ ಐದು ಕಿಲೋ ಹೆಚ್ಚು. ಆಕ್ಸಿಜನ್ ಹಾಕಿ, ಕೂರಿಸಿಕೊಂಡೇ ಮಷೀನ್ ಶುರು ಮಾಡಿದೆವು. ಅಂದು ಅವರು ಕಣ್ಣು ಮುಚ್ಚಿದ್ದು ಪ್ರಾರ್ಥನೆಗಲ್ಲ.

ಅವರ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಅಳುತ್ತಿದ್ದರು. "ನಾನೇ ಕರಕೊಂಡ ಹೋಗಿದ್ದೆ ಸರ್. ಕಲ್ಯಾಣದ ಆಚೆ ಒಬ್ಬ ಬಾಬಾ ಇದ್ದಾನ. ತಲಿ ಮ್ಯಾಲ ಕೈ ಇಟ್ಟ. ಇನ್ನ ಮಷೀನ್ ಬ್ಯಾಡ, ನಾ ಮಂತ್ರಿಸಿದ ನೀರು ದಿನಾ ಒಂದ ಬಾಟ್ಲಿ ಕುಡೀರಿ ಅಂದ. ಅಕ್ಕಾರು ಬದುಕಲಿ ಅಂತ..."

ಮೂರು ತಾಸಿನ ಮೇಲೆ ಉಸಿರು ಹದಕ್ಕೆ ಬಂತು. ನನಗೆ ಸಿಟ್ಟು ತಡೆಯಲಿಲ್ಲ. "ನೀವು ಟೀಚರ್! ನೀರು ಏನು ಮಾಡುತ್ತೆ ಅಂತ ನಿಮಗೆ ಗೊತ್ತಿಲ್ಲವಾ? ಸತ್ತೇ ಹೋಗುತ್ತಿದ್ದಿರಿ."

"ಬೈಯಪ್ಪಾ, ಬೈ" ಎಂದರು. "ಗೊತ್ತಿತ್ತು. ಆದ್ರ ಏಳ ವರ್ಷ ಆತು ತಮ್ಮಾ, ಒಂದ ತಂಬಿಗಿ ನೀರು ಹೊಟ್ಟಿ ತುಂಬ ಕುಡದಿಲ್ಲ. ಎಲ್ಲಾರೂ ಕುಡೀಬ್ಯಾಡ ಅಂತೀರಿ. ಅಂವ ಒಬ್ಬನೇ ಕುಡಿ ಅಂದ. ನಿಂತ ನಿಂತಲ್ಲೇ ಗಟಗಟ ಕುಡದೆ. ಎಷ್ಟ್ ತಂಪಿತ್ತು ಅಂತಿ..."

ದಿನವೆಲ್ಲ ಕಂಡವರಿಗೆ ನೀರು ಕಡಿಮೆ ಮಾಡಿ ಎಂದು ಉಪದೇಶ ಮಾಡುವ ನಾನು, ಅವರ ಕಣ್ಣೆದುರೇ ಬಾಟಲಿ ಎತ್ತಿ ಕುಡಿಯುತ್ತಿದ್ದೆ. ಅಂದಿನಿಂದ ಮೆಟ್ಟಿಲ ಹತ್ತಿರ ಹೋಗಿ ಕುಡಿಯಲು ಕಲಿತೆ.

ಟೀಚರ್ ದೇವಿಯನ್ನು ಬಿಡಲಿಲ್ಲ. ಮುಂದಿನ ವಾರ ಮತ್ತೆ ಮಷೀನಿನ ಮೇಲೆ ಕೈ. ಟ್ಯಾಕ್ಸಿ ಡ್ರೈವರ್ ರಫೀಕ್ ಭಾಯ್, ಹೆಂಡತಿಯ ಒತ್ತಾಯಕ್ಕೆ, ಆ ಬಾಬಾನ ವಿಳಾಸ ಕೇಳಿದರು: "ಟೀಚರ್, ಉಸ್ ಬಾಬಾ ಕಾ ಪತಾ ದೋ ನಾ. ಘರ್‌ವಾಲೀ ರೋಜ್ ಬೋಲ್ತೀ ಹೈ, ಏಕ್ ಬಾರ್ ದಿಖಾ ದೇಂಗೆ."

"ಪತಾ ನಹೀಂ ದೂಂಗೀ ಭಾಯ್" ಎಂದರು ಟೀಚರ್, ತರಗತಿಯ ದನಿಯಲ್ಲಿ. "ದುವಾ ಇಧರೀಚ್ ಕರೇಂಗೆ. ಮಷೀನ್ ಚಾಲೂ ರಖ್ ಕೆ." ವಿಳಾಸ ಕೊಡುವುದಿಲ್ಲ; ಬೇಡಿಕೊಳ್ಳೋಣ, ಇಲ್ಲೇ, ಮಷೀನ್ ನಿಲ್ಲಿಸದೆ. ಅಷ್ಟಕ್ಕೇ ಬಿಡದೆ ರಫೀಕ್ ಭಾಯ್ ಹೆಂಡತಿಗೆ ಫೋನ್ ಹಚ್ಚಿಸಿ, ತಮಗಾದದ್ದನ್ನೆಲ್ಲ ನಾಚಿಕೆ ಬಿಟ್ಟು ಹೇಳಿದರು. ಆ ಮನೆಯವರು ಕಲ್ಯಾಣದ ಟ್ರೇನ್ ಹತ್ತಲಿಲ್ಲ.

ಅವರ ಪ್ರಾರ್ಥನೆಯಿಂದ ಯಾರ ಕಿಡ್ನಿಯೂ ಸರಿಹೋದದ್ದನ್ನು ನಾನು ಕಾಣೆ. ಆದರೆ ತಮ್ಮ ಹೆಸರು ಬರುವವರೆಗೆ ಹತ್ತೂ ಹಾಸಿಗೆಯವರು ಕಿವಿಯಿಟ್ಟು ಕೇಳುತ್ತಿದ್ದುದನ್ನು ಕಂಡಿದ್ದೇನೆ.

ಕಡೆಯ ಸಲ ಬಂದ ಶುಕ್ರವಾರ ಅವರ ಬಲಗೈ ತುಂಬ ಮೆಹಂದಿ. ಭಾನುವಾರ ತಮ್ಮನ ಮಗಳ ನಿಶ್ಚಿತಾರ್ಥ. "ಎಡಗೈ ನಿನಗ ಬಿಟ್ಟೀನಿ ನೋಡು" ಎಂದು ನಕ್ಕರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಸೋಮವಾರ ಚೂರು ತಡಾ ಆದೀತು. ನನ್ನ ಹಾಸಿಗಿ ಯಾರಿಗೂ ಕೊಡಬ್ಯಾಡ" ಎಂದರು.

ಸೋಮವಾರ ಬೆಳಿಗ್ಗೆ ಅವರ ಮಷೀನಿಗೆ ಕೊಳವೆ ಜೋಡಿಸಿ, ಸಲೈನ್ ಹರಿಸಿ ಸಿದ್ಧಮಾಡಿದ್ದೆ. ಅವರ ತಮ್ಮನ ಫೋನ್ ಬಂತು. ನಿಶ್ಚಿತಾರ್ಥ ಚೆನ್ನಾಗಿ ಆಯಿತಂತೆ. ಟೀಚರ್ ಎಲ್ಲರಿಗೂ ತಾವೇ ನಿಂತು ಊಟ ಬಡಿಸಿದರಂತೆ. "ಬೆಳಿಗ್ಗೆ ಎಬ್ಬಸಾಕ ಹೋದ್ರ ಅಕ್ಕನ ಜೀವ ಇರಲಿಲ್ಲರಿ" ಎಂದರು ಅವರು.

ಹೊರಗೆ ಹೊಸ ಪೇಶಂಟ್ ಒಬ್ಬರು ಹೆಂಡತಿಯ ಕೈ ಹಿಡಿದು ಕೂತಿದ್ದರು. ಅವರಿಗೆ ಅದು ಮೊದಲ ದಿನ. ನಾನು ಟೀಚರ್‌ಗೆಂದು ಜೋಡಿಸಿದ್ದ ಕೊಳವೆಗಳನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಹಾಸಿಗೆಯ ಚಾದರ ಬದಲಾಯಿಸಿದೆ. ರಫೀಕ್ ಭಾಯ್ ಗೋಡೆಯ ಕಡೆ ಹೊರಳಿ ಮಲಗಿದರು.

ಹೊಸಬರು ಬಂದು ಆ ಹಾಸಿಗೆಯ ಅಂಚಿನಲ್ಲಿ ಕೂತು, ಸೂಜಿಗಳ ತಟ್ಟೆ ನೋಡಿ, ನೋಯುತ್ತದೆಯೇ ಎಂದು ಕೇಳಿದರು: "ದುಖೇಗಾ ಕ್ಯಾ?"

"ಥೋಡಾ" ಎಂದೆ.