ಬಂಡೆಗಳ ನಡುವೆ ಎರಡು ನಿಮಿಷ

ನಾಲ್ಕು ವರ್ಷದ ಹಿಂದಿನ ಆಷಾಢ. ನಾನಾಗ ಹೊಸಪೇಟೆ ಕಡೆಯ ಒಂದು ಅಗ್ನಿಶಾಮಕ ಠಾಣೆಯ ಅಧಿಕಾರಿ. ನಿವೃತ್ತಿಗೆ ಹದಿನೆಂಟು ತಿಂಗಳು ಬಾಕಿ. ನಾವು ಬೆಂಕಿ ಆರಿಸುವವರು ಎಂದೇ ಜನ ತಿಳಿದಿದ್ದಾರೆ. ಮಳೆಗಾಲದಲ್ಲಿ ನಮಗೆ ಬೆಂಕಿಗಿಂತ ನೀರಿನ ಕಾಟವೇ ಹೆಚ್ಚು. ಜಲಾಶಯದಿಂದ ನದಿಗೆ ನೀರು ಬಿಟ್ಟಾಗ ಹಂಪಿಯ ಬಂಡೆಗಳ ಮೇಲೆ ಯಾರಾದರೂ ಸಿಕ್ಕಿಕೊಳ್ಳುತ್ತಾರೆ, ನಾವು ಹಗ್ಗ ಹೊತ್ತು ಓಡುತ್ತೇವೆ. ಅಂಥವರನ್ನು ಎಳೆದು ತಂದು, ಚೆನ್ನಾಗಿ ಬೈದು ಕಳಿಸುವುದರಲ್ಲಿ ನನ್ನದು ಎತ್ತಿದ ಕೈ.

ಆ ದಿನ ಸಂಜೆ ನಾಲ್ಕೂವರೆಗೆ ಕರೆ ಬಂತು. ಕಡ್ಡಿರಾಂಪುರ ದಾಟಿ ನದಿಯ ದಂಡೆಗೆ ಇಳಿದಾಗ ಐದು ದಾಟಿತ್ತು. ಮೋಡ ಕವಿದಿತ್ತು, ಜಿಬಿಜಿಬಿ ಮಳೆ. ಕರೆ ಮಾಡಿದವನು ರವಿ, ಸಂಡೂರಿನ ಗಣಿಯಲ್ಲಿ ಸರ್ವೇಯರ್. ಮೊಣಕಾಲಿನಿಂದ ರಕ್ತ ಸುರಿಯುತ್ತಿದ್ದರೂ ಅವನಿಗೆ ಅದರ ಅರಿವಿರಲಿಲ್ಲ. ಬೆಳಗ್ಗೆ ಅವನೂ ಹೆಂಡತಿ ಪ್ರಜ್ಞಾಳೂ ಪಾದ ಮುಳುಗುವಷ್ಟು ನೀರಿನಲ್ಲಿ ಬಂಡೆಯಿಂದ ಬಂಡೆಗೆ ದಾಟಿ ಹೋಗಿದ್ದರು. ನೀರು ಬಿಡುತ್ತಾರೆಂದು ಊರಲ್ಲಿ ಸಾರಿದ್ದು ಅವರು ಹೊರಟ ಮೇಲೆ. ವಾಪಸಾಗುವಾಗ ಅವಳ ಪಾದ ಉಳುಕಿತು, ಜೊತೆಗಿದ್ದ ಒಂದೇ ಫೋನು ನೀರಿಗೆ ಬಿತ್ತು. ಹೊತ್ತುಕೊಳ್ಳಲು ಹೋಗಿ ಇವನೂ ಜಾರಿದ. ಕೊನೆಗೆ ಅವಳನ್ನು ಎತ್ತರದ ಒಂದು ಬಂಡೆಯ ಮೇಲೆ ಕೂರಿಸಿ, ಜನರನ್ನು ಕರೆತರುತ್ತೇನೆಂದು ಓಡಿ ಬಂದು, ಯಾರದೋ ಫೋನಿನಿಂದ ನಮಗೆ ಕರೆ ಮಾಡಿದ್ದ.

"ಯಾವ ಬಂಡೆ, ತೋರ್ಸಪ್ಪ" ಎಂದೆ.

ಅವನು ಕೈ ಎತ್ತಿದ, ಹಾಗೇ ಇಳಿಸಿದ. ಗುರುತು ಇಟ್ಟುಕೊಂಡಿದ್ದ ಕಲ್ಲುಗಳೆಲ್ಲ ಮುಳುಗಿ ಹೋಗಿದ್ದವು. ಬಿಟ್ಟು ಬಂದ ನದಿ ಈಗ ಅಲ್ಲಿರಲಿಲ್ಲ. ತುಂಗಭದ್ರೆ ಏರುವಾಗ ಸದ್ದು ಮಾಡುವುದಿಲ್ಲ. ಒಂದು ಕಲ್ಲನ್ನು ನೋಡಿ ಕಣ್ಣು ಆಚೆ ತಿರುಗಿಸಿ ಮತ್ತೆ ನೋಡಿದರೆ ಆ ಕಲ್ಲು ಇರುವುದಿಲ್ಲ. ಎಷ್ಟು ವರ್ಷ ನೋಡಿದರೂ ನನಗೆ ಅದು ಹೆದರಿಕೆಯೇ.

"ಪ್ರಜ್ಞಾ!" ಎಂದು ರವಿ ಕೂಗಿದ.

"ಇಲ್ಲೇ ಅದೀನಿ" ಎಂದಿತು ಹೆಣ್ಣುದನಿ. ಬಂದದ್ದು ನದಿಯಿಂದಲ್ಲ, ನಮ್ಮ ಬೆನ್ನ ಹಿಂದಿನ ಒಣ ಗುಡ್ಡದಿಂದ. ನಾವೆಲ್ಲ ತಿರುಗಿದೆವು. ಅಲ್ಲಿ ಯಾರೂ ಇರಲಿಲ್ಲ. ಅವನು ಮತ್ತೆ ಕೂಗಿದ. ಈ ಸಲ ಉತ್ತರ ಆಚೆ ದಡದಿಂದ ಬಂತು. ಕಂಪ್ಲಿಯ ನಮ್ಮ ಹುಲುಗಪ್ಪ ಹದಿನೈದು ವರ್ಷ ಸರ್ವಿಸ್ ಮಾಡಿದ ಗಟ್ಟಿ ಆಳು. ಅವನೂ ನನ್ನ ಕಿವಿಯ ಹತ್ತಿರ ಬಂದು, "ಸರ್, ಹೆಣ್ಮಗಳು ಒಬ್ಬಾಕಿನೋ ಇಬ್ರೋ?" ಎಂದ. ಬಂಡೆಗಳು ದನಿಯನ್ನು ಹೀಗೆ ಎತ್ತಿ ಬಿಸಾಡುತ್ತವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಮ್ಮೆ ಹಿಂದೆ ತಿರುಗಿ ನೋಡಿದೆ.

ಇಂಥ ಹೊತ್ತಿಗೆ ನಮ್ಮಲ್ಲಿ 'ಸೈಲೆನ್ಸ್' ಎಂಬ ಆದೇಶವಿದೆ. ಗಾಡಿಯ ಇಂಜಿನ್ ಆಫ್, ಯಾರೂ ಮಾತಾಡಕೂಡದು, ಕಾಲೂ ಎತ್ತಿಡಬಾರದು. ಮೂವರು ಮೂರು ಕಡೆ ನಿಂತು ಕಣ್ಣು ಮುಚ್ಚಿ ಕೇಳುತ್ತಾರೆ, ಸದ್ದು ಬಂದತ್ತ ಕೈ ಚಾಚುತ್ತಾರೆ. ಮೂರೂ ಕೈಗಳ ದಿಕ್ಕು ಸೇರುವಲ್ಲಿ ಮನುಷ್ಯ ಇರುತ್ತಾನೆ. ಎರಡು ನಿಮಿಷ ಎಂದು ಹೇಳಿ ರವಿಗೂ ಸುಮ್ಮನಿರಲು ಹೇಳಿದೆ.

ಅವನು ನನ್ನ ಕೈ ಹಿಡಿದುಕೊಂಡ. "ಬ್ಯಾಡ್ರಿ ಸರ್. ಕೂಗ್ತಾ ಇರ್ತೀನಿ ಅಂತ ಹೇಳಿ ಬಂದೀನಿ. ನಾನು ಸುಮ್ಮನಾದ್ರ ಓಡಿಹೋದ ಅಂತಾಳ. ಒಮ್ಮೆ ಓಡಿಹೋಗೀನ್ರಿ."

ಅದಕ್ಕೂ ಎರಡು ವರ್ಷ ಹಿಂದೆ ಅವಳಿಗೆ ಗರ್ಭ ನಿಲ್ಲದೆ ಆಸ್ಪತ್ರೆ ಸೇರಿದ್ದಾಗ, ಈಗ ಬಂದೆ ಎಂದವನು ಹೆದರಿ ಫೋನ್ ಆಫ್ ಮಾಡಿ ಮೂರು ದಿನ ಪತ್ತೆಯಿರಲಿಲ್ಲವಂತೆ. ಅವತ್ತಿನಿಂದ ಅವಳು ಹೊಸಪೇಟೆಯಲ್ಲಿ, ಇವನು ಸಂಡೂರಿನಲ್ಲಿ. ಮತ್ತೆ ಜೊತೆಗಿರಬಹುದೇ ಎಂದು ನೋಡಲು ಮೂರು ದಿನ ರಜೆ ಹಾಕಿ ಹೋಂಸ್ಟೇಗೆ ಬಂದಿದ್ದರು. ಅದು ಎರಡನೆಯ ದಿನ.

ನನಗೆ ಕನಿಕರಕ್ಕಿಂತ ಸಿಟ್ಟು ಬಂತು. "ನಿನ್ನ ಮಾತು ಉಳೀಬೇಕೋ, ಅಕಿ ಉಳೀಬೇಕೋ?" ಎಂದು ಗದರಿದೆ. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕುಳಿತ.

ಎಲ್ಲ ನಿಶ್ಶಬ್ದವಾಯಿತು. "ರವೀ" ಎಂಬ ಕೂಗು ಮೂರು ದಿಕ್ಕಿನಿಂದ ಬಂತು. ಸ್ವಲ್ಪ ಬಿಟ್ಟು, "ರವೀ, ಅದೀಯೇನು?" ಆಮೇಲೆ ಏನೂ ಇಲ್ಲ. ಗಡಿಯಾರದಲ್ಲಿ ಒಂದು ನಿಮಿಷ ಕಳೆಯಿತು. ನೀರು ನನ್ನ ಬೂಟಿನ ಮೇಲೆ ಬಂದದ್ದೂ ನನಗೆ ತಿಳಿಯಲಿಲ್ಲ. ರವಿ ಬಾಯಿ ಮುಚ್ಚಿಕೊಂಡೇ ಅಳುತ್ತಿದ್ದ. ಅವಳ ಕೊನೆಯ ಭರವಸೆಯನ್ನು ನಾನೇ ಕಿತ್ತುಕೊಂಡೆನೇನೋ ಎನ್ನಿಸಿತು.

ಆಗ ಕಲ್ಲಿಗೆ ಕಲ್ಲು ಬಡಿದ ಸದ್ದು. ಟಣ್, ಟಣ್, ಟಣ್. ಮಾತಿನ ಹಾಗೆ ಅದು ಸುತ್ತ ಅಲೆಯಲಿಲ್ಲ. ಹುಲುಗಪ್ಪನ ಕೈ ಎದ್ದಿತು, ಉಳಿದಿಬ್ಬರ ಕೈಯೂ. ಮೂರೂ ಒಂದೇ ಕಡೆ, ನಾವು ಯಾರೂ ನೋಡದೇ ಇದ್ದ ಒಂದು ಗುಂಡುಕಲ್ಲಿನ ಮರೆಗೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹರಗೋಲಿನಲ್ಲಿ ಹುಲುಗಪ್ಪ ಹೋದ. ಹಗ್ಗದ ಈ ತುದಿಯನ್ನು ನಮ್ಮೊಂದಿಗೆ ರವಿಯೂ ಹಿಡಿದ. ಅವಳು ಮೊಣಕಾಲ ನೀರಿನಲ್ಲಿ ಬಂಡೆಗೆ ಒರಗಿ ನಿಂತಿದ್ದಳು.

ದಂಡೆಯಲ್ಲಿ ಕಂಬಳಿ ಹೊದಿಸಿದೆವು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳು ಗಂಡನಿಗೆ ಹೇಳಿದಳು. "ದನಿ ನಿಂತಾಗ, ಹೋದ ಅನ್ಕೊಂಡೆ. ಕಲ್ಲಿನ ಮ್ಯಾಲೆ ತಲಿ ಇಟ್ಟುಬಿಟ್ಟೆ. ಆಮ್ಯಾಲೆ ಅನಿಸ್ತು, ಹೋಗೋನು ಇಷ್ಟೊತ್ತು ಯಾಕ ಕೂಗ್ತಿದ್ದ? ನನ್ನ ದನಿ ಕೇಳಾಕ ಸುಮ್ಮನಾಗಿರಬೇಕು ಅಂತ ಕಲ್ಲು ತಗೊಂಡೆ."

ರವಿ ಜಾರಿದ ಕಂಬಳಿಯನ್ನು ಅವಳ ಹೆಗಲಿಗೆ ಎಳೆದ. "ಇನ್ನ ನಾಕು ದಿನ ರಜಾ ಹಾಕು" ಎಂದಳು. ಮತ್ತೆ ಜೊತೆಗಿರಲು ಹೂಂ ಎಂದಳೆಂದು ನಾನು ಅರ್ಥ ಮಾಡಿಕೊಂಡೆ. ಬೈಯಬೇಕಿದ್ದುದು ಮರೆತೇ ಹೋಯಿತು.

ಅದಕ್ಕೂ ಮುಂಚೆ ಎಷ್ಟೋ ಸಲ ಸೈಲೆನ್ಸ್ ಎಂದಿದ್ದೇನೆ. ದಂಡೆಯ ಮೇಲಿದ್ದ ಎಲ್ಲರಿಗೂ ಅದನ್ನು ತಿಳಿಸಿದ್ದೇನೆ, ನೀರಿನಲ್ಲಿದ್ದವರಿಗೆ ಒಮ್ಮೆಯೂ ಇಲ್ಲ. ಆ ಸಂಜೆಯಿಂದ ಮೊದಲು ಅವರಿಗೇ ಕೂಗಿ ಹೇಳಿಸತೊಡಗಿದೆ: ನಾವು ಈಗ ಸುಮ್ಮನಾಗ್ತೀವಿ, ಎಲ್ಲೂ ಹೋಗಿಲ್ಲ, ಕೇಳ್ತಾ ಇದೀವಿ, ಕಲ್ಲು ಬಡೀರಿ. ಹೊಸ ಹುಡುಗರಿಗೆ ಅದನ್ನೇ ಕಲಿಸಿ ನಿವೃತ್ತನಾದೆ. ಎಲ್ಲರೂ ಪ್ರಜ್ಞಾಳಂತೆ ಒಳ್ಳೆಯದನ್ನು ಊಹಿಸುವುದಿಲ್ಲ. ನನ್ನ ಆದೇಶ ಸರಿಯಾಗಿತ್ತು, ಅವಳು ಬದುಕಿದ್ದೂ ಅದರಿಂದಲೇ. ಆದರೆ ಆ ಒಂದು ನಿಮಿಷ ಅವಳು ನಿಜವಾಗಿ ಒಬ್ಬಳೇ ಆದದ್ದು ನದಿಯಿಂದಲ್ಲ, ರವಿಯಿಂದಲೂ ಅಲ್ಲ, ನನ್ನಿಂದ.