ಗೊಂಬೆಯಮ್ಮನ ಸೊಟ್ಟ ಹೊಲಿಗೆ

ಕೈಯಲ್ಲೇ ಹೊಲಿದ ಬಟ್ಟೆಗೊಂಬೆಗಳನ್ನು ಆನ್‌ಲೈನಿನಲ್ಲಿ ಮಾರುವ ಗೊಂಬೆಯಮ್ಮನ ಹೊಲಿಗೆ ಎಷ್ಟು ಅಚ್ಚುಕಟ್ಟೆಂದರೆ, ಇರುವೆಯ ಸಾಲೂ ಅದರ ಮುಂದೆ ನಾಚಬೇಕಿತ್ತು. ಅದೇ ಅವಳಿಗೆ ಮುಳುವಾಯಿತು. "ಇದು ಮಷೀನಿಂದು, ಬರೀ ಮೋಸ" ಎಂದು ಬರೆದು, ಒಂದೇ ಸ್ಟಾರ್ ಕೊಟ್ಟು, ಗಿರಾಕಿಗಳು ಗೊಂಬೆಗಳನ್ನು ವಾಪಸು ಕಳಿಸತೊಡಗಿದರು. ಅಂದಿನಿಂದ ಅವಳು ಹಲ್ಲು ಕಚ್ಚಿಕೊಂಡು ಪ್ರತಿ ಗೊಂಬೆಯ ಬೆನ್ನಿಗೂ ಬೇಕೆಂದೇ ಒಂದು ಸೊಟ್ಟ ಹೊಲಿಗೆ ಹಾಕುವಳು. ಹಾಕಿದ ಮೇಲೆ "ತಪ್ಪಾಯ್ತು ಕಣೇ" ಎಂದು ಅದರ ಬೆನ್ನು ಸವರುವಳು. ಈ ವರ್ಷ ಅವಳ ಬೆರಳುಗಳಿಗೆ ನಡುಕ ಹತ್ತಿದೆ. ಸೂಜಿಗೆ ದಾರ ಪೋಣಿಸಲೂ ಸೊಸೆಯೇ ಬರಬೇಕು. ಗೊಂಬೆಗೆ ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ. "ಅತ್ತೆ, ಮತ್ತೆ ಐದು ಸ್ಟಾರ್! ಇದಪ್ಪಾ ನಿಜವಾದ ಕೈಕೆಲಸ ಅಂತ ಬರ್ದಿದಾರೆ" ಎಂದು ಸೊಸೆ ಫೋನನ್ನು ಮುಂದೆ ಹಿಡಿಯುತ್ತಾಳೆ. ಗೊಂಬೆಯಮ್ಮ ಅತ್ತ ನೋಡುವುದಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದು, ಮಡಿಲಲ್ಲಿರುವ ಗೊಂಬೆಗೆ ಮೆಲ್ಲಗೆ ಹೇಳುತ್ತಾಳೆ: "ಇದು ನಾನು ಬೇಕಂತ ಮಾಡಿದ್ದಲ್ಲ ಕಣೇ."